ಚಳಿಯವ್ವನನ್ನು ಬೈಯುವ ದಿನ

ಆ ಊರಿನಲ್ಲಿ ಚಳಿ ತಾನಾಗಿ ಹೋಗುತ್ತಿರಲಿಲ್ಲ. ಬೈದು ಕಳಿಸಬೇಕಿತ್ತು.

ಬೈಗುಳ ಹೊಸದಾಗಿರಬೇಕಿತ್ತು. ಹಿಂದೆ ಯಾರೋ ಬೈದದ್ದನ್ನೇ ಮತ್ತೆ ಬೈದರೆ ಚಳಿಗೆ ಅದು ಹೊಗಳಿಕೆ. ಇನ್ನಷ್ಟು ಕಾಲು ಚಾಚಿ ಕೂರುತ್ತಾಳೆ. ಇದು ಊರಿನ ಕಟ್ಟಳೆ. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಮಳೆ ಮುಗಿದು ಮೊದಲ ಇಬ್ಬನಿ ಬಿದ್ದ ದಿನ ಬಾವಿಕಟ್ಟೆಯ ಪಕ್ಕ ಚಳಿಯವ್ವನನ್ನು ಕೂರಿಸುತ್ತಿದ್ದರು. ಮೈ ಹುಲ್ಲಿನದು. ತಲೆ ಮಡಕೆಯದು. ಕಣ್ಣು, ಮೂಗು, ಬಾಯಿ ಮಸಿಯಲ್ಲಿ ಬರೆದದ್ದು. ಹೊದಿಕೆಗೆ ಮನೆಗೊಂದು ಹಳೆಯ ಕಂಬಳಿ. ಅಂದೇ ಊರ ಸುತ್ತ ಬಿದಿರು ಹೆಣೆದ ಎರಡಾಳೆತ್ತರದ ತಡಿಕೆ ಕಟ್ಟುತ್ತಿದ್ದರು. ಚಳಿಯವ್ವ ಏಳುವವರೆಗೆ ಯಾರೂ ತಡಿಕೆ ದಾಟುವಂತಿಲ್ಲ.

ಪ್ರತಿ ಮನೆಯ ಮುಂದೆ ಒಂದು ಬೆಂಕಿ. ಬೆಂಕಿಗೆ ಹಸಿ ಲಕ್ಕಿ ಸೊಪ್ಪು. ಚಳಿಯವ್ವನಿಗೆ ಹೊಗೆ ಇಷ್ಟ, ಹೊಗೆ ಸಿಕ್ಕರೆ ಕಚ್ಚುವುದಿಲ್ಲ ಎಂದು ನಂಬಿಕೆ. ಪ್ರತಿ ಹಿತ್ತಿಲಲ್ಲೂ ಲಕ್ಕಿ ಬೆಳೆಸುತ್ತಿದ್ದರು. ಬೇರೇನೂ ಬೆಳೆಸಲು ಬಾರದವರೂ ಲಕ್ಕಿ ಬೆಳೆಸುತ್ತಿದ್ದರು.

ಮೂರು ತಿಂಗಳು ಹೊಗೆ. ಮೂರು ತಿಂಗಳು ಕೆಮ್ಮು. ಹೊಗೆಯಲ್ಲಿ ಸೂರ್ಯ ಹಳಸಿದ ಮುದ್ದೆಯಂತೆ ಕಾಣುತ್ತಿದ್ದ. ದಿನಕ್ಕೆರಡು ಹೊತ್ತು ಊರೆಲ್ಲ ಬಾವಿಕಟ್ಟೆಗೆ ಬಂದು ಬಗ್ಗುತ್ತಿತ್ತು.

"ಅವ್ವಾ, ನಮ್ಮ ಮನೆ ಚಿಕ್ಕದು. ಪಕ್ಕದ ಮನೆ ದೊಡ್ಡದಾಗಿದೆ. ಅಲ್ಲಿಗೆ ಹೋಗು."

ಪಕ್ಕದ ಮನೆಯವರೂ ಬಂದು ಅದನ್ನೇ ಕೇಳಿಕೊಳ್ಳುತ್ತಿದ್ದರು.

ಚಳಿಯವ್ವನ ಮುಂದೆ ನಗುವಂತಿರಲಿಲ್ಲ. ನಕ್ಕರೆ ಹಲ್ಲು ಕಾಣುತ್ತದೆ. ಹಲ್ಲು ಕಂಡರೆ ಅವಳು ಆ ದಾರಿಯಲ್ಲೇ ಒಳಗೆ ನುಗ್ಗುತ್ತಾಳೆ. ಹೀಗಾಗಿ ಮೂರು ತಿಂಗಳು ಯಾರೂ ನಗುತ್ತಿರಲಿಲ್ಲ. ಉಳಿದ ಒಂಬತ್ತು ತಿಂಗಳೂ ಅಭ್ಯಾಸ ತಪ್ಪಿಹೋಗಿರುತ್ತಿತ್ತು.

ಬೈಯುವ ದಿನವನ್ನು ಮೂರು ಗುರುತು ಹೇಳುತ್ತಿದ್ದವು. ಮುತ್ತುಗದ ಹೂವು ತಡಿಕೆ ಹಾರಿ ಒಳಗೆ ಬೀಳಬೇಕು. ಕೋಗಿಲೆ ಕೂಗಬೇಕು. ಯಜಮಾನ ಸೀನಬೇಕು. ಮಾವಿನ ಹೂವಿನ ಗಾಳಿ ಯಜಮಾನನ ಮೂಗಿಗೆ ಆಗುತ್ತಿರಲಿಲ್ಲ. ಅವನ ಅಪ್ಪನ ಮೂಗಿಗೂ ಆಗುತ್ತಿರಲಿಲ್ಲ. ಆ ವಂಶವನ್ನು ಊರು ಯಜಮಾನಿಕೆಗೆ ಇಟ್ಟುಕೊಂಡದ್ದು ಮೂಗಿಗಾಗಿ. ಬೇರೆ ಗುಣವನ್ನು ಯಾರೂ ಹೇಳಿದ್ದಿಲ್ಲ.

ಬೈಯಲು ಒಬ್ಬಳಿದ್ದಳು. ಅವಳನ್ನು ಬೈಯುವವಳು ಎನ್ನುತ್ತಿದ್ದರು. ಎಪ್ಪತ್ತು ವರ್ಷದವಳು. ಬೈಗುಳ ಹೊಸದೋ ಹಳೆಯದೋ ಎಂದು ಹೇಳಲು ಒಬ್ಬನಿದ್ದ. ಅವನು ನೆನಪಿನವನು. ಎಪ್ಪತ್ತೈದು ದಾಟಿದವನು. ಊರು ಹುಟ್ಟಿದಾಗಿನಿಂದ ಬೈದ ಬೈಗುಳವೆಲ್ಲ ಅವನ ತಲೆಯಲ್ಲಿದೆ ಎಂದು ಊರು ನಂಬಿತ್ತು. ಹಳೆಯದಾದರೆ "ಆಗಿದೆ" ಎನ್ನುತ್ತಿದ್ದ. ಯಾವ ವರ್ಷ ಎಂದೂ ಹೇಳುತ್ತಿದ್ದ. ಹೊಸದಾದರೆ "ಹೊಸದು" ಎನ್ನುತ್ತಿದ್ದ.

"ಹೊಸದು" ಎಂಬ ಮಾತು ಬಿದ್ದ ಕೂಡಲೇ ಎಲ್ಲ ಬೆಂಕಿಗೂ ನೀರು ಹಾಕುತ್ತಿದ್ದರು. ತಡಿಕೆ ಕೆಡವುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಿಸಿಲು ಬೀಳುತ್ತಿತ್ತು. ಬೈಗುಳ ಅಂದರೆ ಹೀಗಿರಬೇಕು ಎಂದು ಜನ ತಲೆದೂಗಿ, ಒಬ್ಬರ ಮೇಲೊಬ್ಬರು ಅರಿಸಿನದ ನೀರು ಎರಚಿಕೊಳ್ಳುತ್ತಿದ್ದರು.

ಹೊತ್ತು ಮುಳುಗುವವರೆಗೂ ಆ ಮಾತು ಬೀಳದಿದ್ದರೆ ಕಟ್ಟಳೆ ಬೇರೆ. ಬೈಯುವವಳ ಮೈಮೇಲೆ ಅಷ್ಟೂ ಕಂಬಳಿ ಹೊದಿಸಬೇಕು. ತಲೆಯ ಮೇಲೆ ಚಳಿಯವ್ವನನ್ನು ಹೊರಿಸಬೇಕು. ತಡಿಕೆಯ ಕಂಡಿಯಿಂದ ಆಚೆ ದೂಡಬೇಕು. ತಡಿಕೆ ಕೆಡವಿದ ಮೇಲೂ ಆ ದಿಕ್ಕಿಗೆ ಯಾರೂ ಕಾಲಿಡುವಂತಿಲ್ಲ, ಕಣ್ಣು ಹಾಯಿಸುವಂತಿಲ್ಲ. ಊರ ಚಳಿಯನ್ನು ಅವಳೊಬ್ಬಳೇ ಹೊತ್ತು ಹೋಗುತ್ತಾಳೆ.

ಹಾಗೆ ಹೋದವರು ಆರು ಜನ. ಯಾರೂ ಹಿಂದೆ ಬಂದಿರಲಿಲ್ಲ. ಆರನೆಯವಳು ಇವಳ ಅಕ್ಕ.

ಅಕ್ಕನ ಬಾಯಿ ಇವಳಿಗಿಂತ ದೊಡ್ಡದಾಗಿತ್ತು. ಆದರೂ ಇಪ್ಪತ್ತೊಂದು ವರ್ಷದ ಕೆಳಗೆ ಒಂದು ದಿನ ಸಂಜೆಯವರೆಗೆ ಬೈದರೂ ಹೊಸದು ಸಿಗಲಿಲ್ಲ. ಕಂಬಳಿ ಹೊದ್ದು ಹೋದಳು. ತಡಿಕೆಯಾಚೆಯಿಂದ ಏನೋ ಕೂಗಿದಳು. ತಮಟೆಯವನು ಜೋರಾಗಿ ಬಡಿಯುತ್ತಿದ್ದ. ಹೋದವರ ಕೂಗು ಊರಿಗೆ ಕೇಳಬಾರದು. ಕೇಳಿದರೆ ರಾತ್ರಿ ಊಟ ಸೇರುವುದಿಲ್ಲ. ಚಳಿ ಅವಳನ್ನು ತಿಂದಿತು ಎಂದರು. ಮರುವರ್ಷ ಅಕ್ಕನ ಜಾಗಕ್ಕೆ ಇವಳನ್ನು ನಿಲ್ಲಿಸಿದರು.

ಅಂದಿನಿಂದ ಅವಳು ಗಂಡನಿಗೆ ಹೆದರಲಿಲ್ಲ, ದೇವರಿಗೆ ಹೆದರಲಿಲ್ಲ, ಯಜಮಾನನಿಗಂತೂ ಹೆದರಲಿಲ್ಲ. ಆ ಕಂಬಳಿಗಳಿಗೆ ಹೆದರಿದಳು.

ಅವಳು ಬೈಯಲು ನಿಂತ ಇಪ್ಪತ್ತೊಂದನೆಯ ವರ್ಷ ಮುತ್ತುಗದ ಹೂವು ಮಡಕೆ ಮಾಡುವವಳ ಮಾಡಿನ ಮೇಲೆ ಬಿತ್ತು. ಮರುದಿನ ಕೋಗಿಲೆ ಕೂಗಿತು. ಊರು ಕಂಬಳಿ ಹೊದ್ದು ಯಜಮಾನನ ಮನೆಯ ಮುಂದೆ ಕಾಯುತ್ತ ನಿಂತಿತು. ಯಜಮಾನ ಜಗಲಿಯ ಮೇಲೆ ಕೂತು ಎಲೆಯಡಿಕೆ ಜಗಿದ. ಒಂದು ದಿನ ಸೀನಲಿಲ್ಲ. ಎರಡು ದಿನ ಸೀನಲಿಲ್ಲ.

"ಇನ್ನೂ ಬಂದಿಲ್ವಾ ಯಜಮಾನ್ರೇ?"

"ಬರೋ ಹಾಗಿದೆ. ಬರ್ತಿಲ್ಲ."

"ಒಂದು ಚಿಟಿಕೆ ನಶ್ಯ ಏರಿಸ್ಕೊಳ್ಳಿ."

"ನಶ್ಯದ ಸೀನು ನಡೆಯಲ್ಲ. ತಾನಾಗಿ ಬರಬೇಕು. ನಮ್ಮಪ್ಪ ಹನ್ನೊಂದು ದಿನ ಕಾದಿದ್ರು."

ಮೂರನೆಯ ಬೆಳಿಗ್ಗೆ ಯಜಮಾನ ಬಾವಿಕಟ್ಟೆಗೆ ಬಂದು ಚಳಿಯವ್ವನಿಗೆ ಕೈಮುಗಿದು ಬಗ್ಗಿದ. ಬಗ್ಗಿದಾಗ ಸೀನು ಬಂತು. ಬಾಯಿತುಂಬ ಎಲೆಯಡಿಕೆ ಇತ್ತು. ಅಷ್ಟೂ ಹೋಗಿ ಚಳಿಯವ್ವನ ಹಣೆಗೆ ಬಿತ್ತು. ಕೆಂಪಗೆ, ಗುಂಡಗೆ, ಕಾಸಗಲ ನಿಂತಿತು.

ಯಾರೂ ನಗಲಿಲ್ಲ. ಕೆಲವರು ಕೆಮ್ಮಿದರು. ಯಜಮಾನ ಮೂಗು ಒರೆಸಿಕೊಂಡು, "ಹಬ್ಬ" ಎಂದ.

ಜನ ಬಾವಿಕಟ್ಟೆಯ ಸುತ್ತ ನೆರೆದರು. ತಮಟೆಯವನು ಬಂದ. ನೆನಪಿನವನನ್ನು ಇಬ್ಬರು ಎತ್ತಿಕೊಂಡು ಬಂದು ಚಳಿಯವ್ವನಿಗೆ ಬೆನ್ನು ಮಾಡಿ ಕೂರಿಸಿದರು. ಅವಳ ಮುಖ ನೋಡಿದರೆ ನೆನಪು ಹೆಪ್ಪುಗಟ್ಟುತ್ತದೆ, ಅದಕ್ಕೆ.

ಬೈಯುವ ದಿನ ನೆನಪಿನವನು ಉಪವಾಸ ಇರಬೇಕಿತ್ತು. "ಹೊಸದು" ಎಂದ ಮೇಲೆಯೇ ಊಟ. ಆ ಊಟವನ್ನು ಊರೇ ಮಾಡಿಕೊಡುತ್ತಿತ್ತು. ಈ ಸಲ ಯಜಮಾನನಿಗೆ ಕನಿಕರ ಬಂತು.

"ವಯಸ್ಸಾಗಿದೆ. ಉಪವಾಸ ಬೇಡ. ನಮ್ಮ ಮನೆಯಲ್ಲಿ ಕಡುಬು ಮಾಡಿಸಿದ್ದೀನಿ. ಮೊದಲೇ ತಿಂದುಬಿಡಲಿ."

ದೊಡ್ಡ ಮನಸ್ಸು ಎಂದರು ಜನ. ನೆನಪಿನವನು ಹದಿನಾಲ್ಕು ಕಡುಬು ತಿಂದ. ಮೀಸೆಗೆ ತುಪ್ಪ ಮೆತ್ತಿಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದ.

ಬೈಯುವವಳು ಚಳಿಯವ್ವನ ಎದುರಿಗೆ ನಿಂತಳು. ಸೆರಗು ಸಿಕ್ಕಿಸಿದಳು. ಗಂಟಲು ಸರಿಮಾಡಿಕೊಂಡಳು.

"ಮುರುಕು ಮೊರದ ಮುಖದವಳೇ."

"ಆಗಿದೆ," ಎಂದ ನೆನಪಿನವನು. "ಮಿಡತೆ ಬಂದ ವರ್ಷ."

"ಮುದುಕರ ಮೊಣಕಾಲಲ್ಲಿ ಬಿಡಾರ ಹೂಡಿದವಳೇ."

"ಆಗಿದೆ. ಬಾವಿಗೆ ಎಮ್ಮೆ ಬಿದ್ದ ವರ್ಷ."

"ಎಣ್ಣೆಯನ್ನ ಮೇಣ ಮಾಡಿದವಳೇ, ತುಪ್ಪವನ್ನ ಕಲ್ಲು ಮಾಡಿದವಳೇ."

"ಆಗಿದೆ. ಎರಡು ಸಲ."

"ಸ್ನಾನ ತಪ್ಪಿಸಿಕೊಳ್ಳೋರ ಕುಲದೇವತೆಯೇ."

ಜನ ಒಬ್ಬರನ್ನೊಬ್ಬರು ನೋಡಿದರು. ಇದು ಹೊಸದಿರಬೇಕು ಎನ್ನಿಸಿತು. ನೆನಪಿನವನು ತಲೆಯಾಡಿಸಿದ.

"ಆಗಿದೆ. ನಿಮ್ಮಜ್ಜಿಯ ಕಾಲದಲ್ಲಿ."

"ನಮ್ಮಜ್ಜಿ ಮೂಕಿ ಕಣಯ್ಯ."

"ಸನ್ನೆಯಲ್ಲಿ ಬೈದಿದ್ಲು."

ಅವಳು ಬೈದಳು. ಪ್ರೀತಿಯಿಲ್ಲದ ಗಂಡಹೆಂಡಿರನ್ನೂ ಅಪ್ಪಿಕೊಳ್ಳೋ ಹಾಗೆ ಮಾಡಿ ಬಸಿರು ಹತ್ತಿಸಿದವಳೇ ಎಂದಳು. ಆಗಿದೆ. ನಿನ್ನ ಮೂಗಿನ ಮೇಲೆ ಕೂತ ನೊಣಕ್ಕೂ ನೆಗಡಿ ಹಿಡೀತು ಎಂದಳು. ಆಗಿದೆ. ನಿನ್ನ ಹೊಟ್ಟೆಯಲ್ಲಿರೋದು ಹುಲ್ಲು, ತಲೆಯಲ್ಲಿರೋದು ಗಾಳಿ, ಆದರೂ ನಿನಗೆ ಕೈಮುಗೀತಾರಲ್ಲ, ಅವರ ತಲೆಯಲ್ಲಿ ಅದೂ ಇಲ್ಲ ಎಂದಳು. ಜನಕ್ಕೆ ಸ್ವಲ್ಪ ಬೇಸರವಾಯಿತು. ಅದೂ ಆಗಿತ್ತು. ಕೆರೆ ಒಡೆದ ವರ್ಷ.

ಹೊತ್ತು ನೆತ್ತಿಗೆ ಬಂತು. ಹೊತ್ತು ವಾಲಿತು.

ಹಿಂದಿನ ಇಪ್ಪತ್ತು ವರ್ಷವೂ ಹೀಗೆಯೇ ಆಗುತ್ತಿತ್ತು. ಬೆಳಿಗ್ಗೆಯೆಲ್ಲ "ಆಗಿದೆ." ಹೊತ್ತು ವಾಲಿದ ಮೇಲೆ ಯಾವುದೋ ಒಂದಕ್ಕೆ "ಹೊಸದು." ತನ್ನ ಬಾಯಿಗೆ ಬಿಸಿಯೇರಲು ಅಷ್ಟು ಹೊತ್ತು ಬೇಕು ಎಂದು ಅವಳು ತಿಳಿದುಕೊಂಡಿದ್ದಳು. ಈಗ ಬಾಯಿಗೆ ಬಿಸಿಯೇರಿತ್ತು. ನಾಲಿಗೆ ಒಣಗಿತ್ತು. ನೆನಪಿನವನಿಗೆ ಮಾತ್ರ ಏನೂ ಆಗಿರಲಿಲ್ಲ.

ನೀರು ಕುಡಿಯುವ ನೆಪದಲ್ಲಿ ಅವನ ಪಕ್ಕಕ್ಕೆ ಬಂದು ಕೂತಳು.

"ಏನಯ್ಯಾ, ಒಂದಾದ್ರೂ ಹೊಸದು ಅನ್ನಬಾರದಾ?"

"ಇದ್ದರೆ ಅಂತಿದ್ದೆ ಕಣವ್ವ."

"ನಿನಗೂ ನನಗೂ ಏನು ಹಗೆ?"

"ಹಗೆ ಯಾಕೆ? ನೆನಪು ಸುಳ್ಳು ಹೇಳಲ್ಲ." ಅವನು ತೇಗಿದ. ಏಲಕ್ಕಿಯ ವಾಸನೆ ಬಂತು.

"ಹೊತ್ತು ಮುಳುಗಿದರೆ ನನ್ನನ್ನ ಕಳಿಸ್ತಾರೆ."

"ಗೊತ್ತು. ಬೇಗ ಬೇಗ ಬೈ."

ಅವಳು ಎದ್ದಳು. ಯಜಮಾನನ ಆಳುಗಳು ಚಳಿಯವ್ವನ ಮೈಮೇಲಿನ ಕಂಬಳಿಗಳನ್ನು ಒಂದೊಂದಾಗಿ ತೆಗೆದು ಮಡಿಸಿ ಜೋಡಿಸತೊಡಗಿದ್ದರು. ಮಡಿಸಿದ ಕಂಬಳಿಗಳು ಅವಳ ಸೊಂಟದೆತ್ತರಕ್ಕೆ ಬಂದವು. ಅವಳು ಅತ್ತ ನೋಡದೆ ಬೈದಳು. ಬೆಕ್ಕಿನ ಮೇಲೆ ಬೈದಳು, ಬೂದಿಯ ಮೇಲೆ ಬೈದಳು, ಒಡೆದ ಹಿಮ್ಮಡಿಯ ಮೇಲೆ ಬೈದಳು. ಆಗಿದೆ. ಆಗಿದೆ. ಆಗಿದೆ. ನೆನಪಿನವನು ಈಗ ವರ್ಷ ಹೇಳುವುದನ್ನೂ ಬಿಟ್ಟಿದ್ದ. ನಡುನಡುವೆ ಗೊರಕೆ ಬರುತ್ತಿತ್ತು. ಗೊರಕೆ ನಿಂತಾಗ ಆಗಿದೆ ಎನ್ನುತ್ತಿದ್ದ.

ಹೊಗೆ ಕಪ್ಪಾಯಿತು. ಹಳಸಿದ ಮುದ್ದೆಯಂಥ ಸೂರ್ಯ ತಡಿಕೆಯ ಅಂಚಿಗೆ ಇಳಿದ.

ಅವಳ ತಲೆಯಲ್ಲಿ ಒಂದು ಬೈಗುಳವೂ ಉಳಿದಿರಲಿಲ್ಲ. ಬಾಯಿ ತೆರೆದಳು. ಮುಚ್ಚಿದಳು. ಎದುರಿಗೆ ಮಡಕೆಯ ಮುಖ ಇತ್ತು. ಕಣ್ಣಿಗೆ ಕಂಡದ್ದನ್ನು ಹೇಳಿದಳು. ಅದರಲ್ಲಿ ಜೋರೂ ಇರಲಿಲ್ಲ.

"ಯಜಮಾನನ ಬಾಯಿಂದ ಸೀನಿಗೆ ಬಿದ್ದ ಎಂಜಲನ್ನ ಕುಂಕುಮ ಅಂತ ಇಟ್ಕೊಂಡು ಕೂತಿದ್ದೀಯಲ್ಲೇ."

ಗೊರಕೆ ನಿಂತಿತು.

"ಆಗಿದೆ," ಎಂದ ನೆನಪಿನವನು. "ಧೂಮಕೇತು ಕಂಡ ವರ್ಷ."

ಬೆಂಕಿಯಲ್ಲಿ ಸೊಪ್ಪು ಚಟಚಟ ಎಂದಿತು. ಆಮೇಲೆ ಮಡಕೆ ಮಾಡುವವಳು ಮೆಲ್ಲಗೆ ಹೇಳಿದಳು.

"ಅದು ಇವತ್ತು ಬೆಳಿಗ್ಗೆ ಬಿದ್ದಿದ್ದು."

"ಯಾವುದು?" ಎಂದ ನೆನಪಿನವನು. ಕಣ್ಣು ತೆರೆದ.

"ಎಂಜಲು. ಯಜಮಾನ್ರದ್ದು. ಮಡಕೆ ನಾನು ಮಾಡಿದ್ದು ಈ ವರ್ಷ. ಧೂಮಕೇತು ಕಂಡಾಗ ನಾನೇ ಹುಟ್ಟಿರಲಿಲ್ಲ."

ನೆನಪಿನವನು ಕತ್ತು ತಿರುಗಿಸಿದ. ಕಟ್ಟಳೆ ಮೀರಿ ಚಳಿಯವ್ವನ ಮುಖ ನೋಡಿದ. ಹಣೆಯ ಮೇಲೆ ಕಾಸಗಲದ ಕೆಂಪು ಒಣಗಿ ಕೂತಿತ್ತು. ಅವನ ನೆನಪು ಹೆಪ್ಪುಗಟ್ಟಲಿಲ್ಲ. ಹೆಪ್ಪುಗಟ್ಟಲು ಅಲ್ಲಿ ಏನೂ ಇರಲಿಲ್ಲ.

ಮೊದಲು ನಕ್ಕವನು ತಮಟೆಯವನು. ಮೂಗಿನಲ್ಲಿ ನಕ್ಕ. ಆಮೇಲೆ ಬಾಯಲ್ಲಿ. ಅವನ ಪಕ್ಕದವಳು ಬಾಯಿಗೆ ಸೆರಗು ತುರುಕಿಕೊಂಡಳು, ಸೆರಗು ಉದುರಿಬಿತ್ತು. ನಗು ಬಾವಿಕಟ್ಟೆಯ ಸುತ್ತ ಒಂದು ಸುತ್ತು ಬಂತು. ಹಲ್ಲುಗಳು ಕಂಡವು. ಎಷ್ಟೋ ಜನಕ್ಕೆ ಪಕ್ಕದ ಮನೆಯವರ ಹಲ್ಲು ಹೇಗಿವೆಯೆಂದು ಅಂದೇ ಗೊತ್ತಾದದ್ದು. ಚಳಿ ಯಾರ ಬಾಯಿಗೂ ನುಗ್ಗಲಿಲ್ಲ. ಕೆಲವರು ಸೆಕೆ ಎಂದು ಕಂಬಳಿ ಸಡಿಲ ಮಾಡಿಕೊಂಡರು.

ಬೈಯುವವಳು ನಗಲಿಲ್ಲ. ನೆನಪಿನವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಮಿಡತೆ ಬಂದ ವರ್ಷ ನಾನು ಏನಂತ ಬೈದಿದ್ದೆ?"

ಅವನು ಮೀಸೆ ಸವರಿಕೊಂಡ.

"ಹೋಗಲಿ. ಹೋದ ವರ್ಷ?"

ಅವನು ನೆಲ ನೋಡಿದ.

"ಹೋದ ವರ್ಷ ಬೈದ ಮೇಲೆ ಏನು ಊಟ ಹಾಕಿದ್ರು?"

"ಅವರೆಕಾಳಿನ ಹುಳಿ," ಎಂದ ಕೂಡಲೇ. "ಮುದ್ದೆ ಎರಡು. ಹುಳಿಗೆ ಉಪ್ಪು ಕಮ್ಮಿ ಇತ್ತು."

"ಮಿಡತೆ ಬಂದ ವರ್ಷ?"

"ನುಗ್ಗೆಸೊಪ್ಪಿನ ಪಲ್ಯ, ಜೋಳದ ರೊಟ್ಟಿ. ಸೊಪ್ಪು ಮಿಡತೆ ತಿಂದು ಉಳಿಸಿದ್ದು."

"ನಮ್ಮಕ್ಕ ಹೋದ ವರ್ಷ?"

ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡ. ಜನರ ನಗು ನಿಂತಿತು.

"ಆ ವರ್ಷ ಬೈಗುಳಕ್ಕೆ ಮುಂಚೆಯೇ ತಿಂದಿದ್ದೆ," ಎಂದ. "ಯಜಮಾನ್ರ ಮಗಳ ಮದುವೆ ಹಿಂದಿನ ದಿನ ಆಗಿತ್ತು. ಹೋಳಿಗೆ ಉಳಿದಿದ್ವು. ಒಂಬತ್ತು ತಿಂದಿದ್ದೆ. ಯಾರಿಗೂ ಹೇಳಿರಲಿಲ್ಲ."

"ಹೊಸದು ಅಂತ ಯಾವಾಗ ಅಂತಿದ್ದೆ ನೀನು?"

"ಹಸಿವಾದಾಗ."

"ಮತ್ತೆ ನೆನಪು?"

"ಮೊದಲೆರಡು ವರ್ಷ ಇತ್ತವ್ವ. ಆಮೇಲೆ ಎಲ್ಲಾ ಕಲಸಿಹೋಯ್ತು. ಆಗಿದೆ ಅಂದ್ರೆ ಯಾರೂ ಜಗಳ ಆಡ್ತಿರಲಿಲ್ಲ. ಹೊಸದು ಅಂದ್ರೆ ಎಲ್ಲಾರೂ ಎದ್ದು ಓಡಾಡ್ತಿದ್ರು. ಆಗಿದೆ ಅನ್ನೋದೇ ಸಲೀಸು."

ಜನರೊಳಗಿಂದ ಯಾರೋ, "ಇವನನ್ನೇ ಹೊರಗೆ ಹಾಕಿ" ಎಂದರು. ಇನ್ನೊಬ್ಬರೂ ಎಂದರು. ಆಮೇಲೆ ಎಲ್ಲರೂ ಎಂದರು. ನೆನಪಿನವನು ಹೊಟ್ಟೆಯ ಮೇಲಿನ ಕೈಯನ್ನು ತಲೆಯ ಮೇಲಿಟ್ಟುಕೊಂಡ.

ಯಜಮಾನ ಕೈಯೆತ್ತಿದ.

"ಇವನು ಹೋದರೆ ಮುಂದಿನ ವರ್ಷ ನೆನಪಿಟ್ಟುಕೊಳ್ಳೋರು ಯಾರು?"

ಜನ ಯೋಚಿಸಿದರು. ಮಾತು ಸರಿ ಎನ್ನಿಸಿತು. ಸುಮ್ಮನಾದರು.

"ಅಲ್ಲ ಯಜಮಾನ್ರೇ," ಎಂದಳು ಮಡಕೆ ಮಾಡುವವಳು. "ಅಜ್ಜಿ ಬೈದಿದ್ದು ಹೊಸದೇ ಅಲ್ವಾ? ನಾವೇ ಕಣ್ಣಾರೆ ನೋಡಿದ್ದೀವಿ."

"ಕಣ್ಣಾರೆ ನೋಡಿದರೆ ಆಗಲ್ಲ. ನೆನಪಿನವನ ಬಾಯಲ್ಲಿ ಬರಬೇಕು."

"ಹೊಸದು," ಎಂದ ನೆನಪಿನವನು. ಕಣ್ಣಲ್ಲಿ ನೀರಿತ್ತು. "ಹೊಸದು ಕಣ್ರೀ. ಹೊಸದು."

"ನೆನಪೇ ಇಲ್ಲದವನ ಮಾತು ಹೇಗೆ ನಡೆಯುತ್ತೆ?" ಎಂದ ಯಜಮಾನ. "ಹೊತ್ತು ಮುಳುಗ್ತಾ ಇದೆ. ಕಂಬಳಿ ತನ್ನಿ."

ಇದೂ ಸರಿ ಎನ್ನಿಸಿತು ಜನಕ್ಕೆ. ಎರಡು ಮಾತೂ ಒಟ್ಟಿಗೆ ಹೇಗೆ ಸರಿಯಾದವು ಎಂದು ಮಡಕೆ ಮಾಡುವವಳಿಗೆ ತಿಳಿಯಲಿಲ್ಲ. ಅವಳು ಮತ್ತೆ ಬಾಯಿ ತೆರೆಯುವ ಹೊತ್ತಿಗೆ ಕಂಬಳಿಗಳು ಬಂದಿದ್ದವು.

ಒಂದೊಂದಾಗಿ ಹೊದಿಸಿದರು. ಮನೆಗೊಂದು. ಇಪ್ಪತ್ತು ವರ್ಷ ಯಾವುದಕ್ಕೆ ಹೆದರಿದ್ದಳೋ ಅದು ಹೆಗಲ ಮೇಲೆ ಬಂದು ಕೂತಿತು. ಹಳೆಯ ಕಂಬಳಿ ಅಷ್ಟೆ. ಕುರಿಯ ವಾಸನೆ, ಹೊಗೆಯ ವಾಸನೆ, ಒಂದೆರಡು ಹೇನು. ತಲೆಯ ಮೇಲೆ ಚಳಿಯವ್ವನನ್ನು ಇಟ್ಟರು. ಹುಲ್ಲಿನ ಮೈ ಹಗುರವಾಗಿತ್ತು.

"ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದ ಯಜಮಾನ. ಅದೂ ಕಟ್ಟಳೆ.

"ನಿಮ್ಮಪ್ಪ ನಿನಗೆ ಅಂತ ಬಿಟ್ಟುಹೋಗಿದ್ದು ಒಂದು ಮೂಗು," ಎಂದಳು. "ಅದೂ ಸೋರುತ್ತೆ."

ಯಜಮಾನನಿಗೆ ಅಷ್ಟು ಬೇಗ ಕೋಪ ಬರಲಿಲ್ಲ. ಆ ಮನೆತನದಲ್ಲಿ ಯಾರನ್ನೂ ಯಾರೂ ಬೈದಿರಲಿಲ್ಲ. ಹೇಗೆ ಕೋಪ ಮಾಡಿಕೊಳ್ಳಬೇಕೆಂದು ತಿಳಿಯದೆ ಅವನು ಎಲೆಯಡಿಕೆಯ ಚೀಲ ಬಿಚ್ಚಿದ.

ಕಂಡಿಯ ಹಗ್ಗ ಬಿಚ್ಚಿದರು. ದೂಡಬೇಕಾದವರು ದೂಡಲಿಲ್ಲ. ಅವರಿಗೆ ಇನ್ನೂ ನಗು ಪೂರ್ತಿ ಇಳಿದಿರಲಿಲ್ಲ, ಅದಕ್ಕೆ ನಾಚಿಕೆಯೂ ಆಗಿತ್ತು. ಅವಳೇ ನಡೆದುಹೋದಳು. ಹಿಂದೆ ಕಂಡಿ ಮುಚ್ಚಿದ ಸದ್ದಾಯಿತು.

ಒಳಗೆ ತಮಟೆ ಶುರುವಾಯಿತು. ತಮಟೆಯವನು ನಗುವ ಗಡಿಬಿಡಿಯಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿರಲಿಲ್ಲ. ತೊಗಲು ಸಡಿಲವಾಗಿತ್ತು. ಒದ್ದೆ ಬಟ್ಟೆ ಒಗೆದಂತೆ ತಪ್, ತಪ್ ಎಂದಿತು.

ಅವಳು ಕಣ್ಣು ಮುಚ್ಚಿಕೊಂಡೇ ನಡೆದಳು. ಚಳಿ ತಿನ್ನಲಿ ಎಂದು ಕಾದಳು. ಮೊದಲು ಪಾದ ತಿನ್ನುತ್ತದೆ ಎಂದು ಊರು ಹೇಳುತ್ತಿತ್ತು. ಒಂದು ಹೆಜ್ಜೆ. ಎರಡು ಹೆಜ್ಜೆ. ಪಾದದ ಕೆಳಗೆ ನೆಲ ಬೆಚ್ಚಗಿತ್ತು. ಐದನೆಯ ಹೆಜ್ಜೆಗೆ ಕುತ್ತಿಗೆಯಲ್ಲಿ ಬೆವರಿಳಿಯಿತು. ಏಳನೆಯ ಹೆಜ್ಜೆಗೆ ಉಸಿರು ಕಟ್ಟಿತು. ಚಳಿಯವ್ವನನ್ನು ಕೆಳಗಿಟ್ಟು ಕಂಬಳಿಗಳನ್ನು ಕಿತ್ತೆಸೆದಳು. ಕಣ್ಣು ತೆರೆದಳು.

ಬಿಸಿಲಿತ್ತು.

ಊರಿನಲ್ಲಿ ಹೊತ್ತು ಮುಳುಗಿತ್ತು. ಇಲ್ಲಿ ಇನ್ನೂ ಎರಡು ಮಾರು ಮೇಲಿತ್ತು. ಮುತ್ತುಗದ ಮರಗಳಲ್ಲಿ ಒಂದು ಎಲೆಯೂ ಕಾಣದಷ್ಟು ಹೂವು. ಮರದ ಕೆಳಗೆ ಬಿದ್ದ ಹೂವು ಆಗಲೇ ಒಣಗಿ ಕಪ್ಪಾಗಿತ್ತು. ಇವು ಇವತ್ತು ಬಿದ್ದವಲ್ಲ. ಹಬ್ಬಕ್ಕೆ ಕಾಯದೆ ಇಲ್ಲಿ ಎಲ್ಲವೂ ಆಗಿಹೋಗಿತ್ತು.

ನಾಲ್ಕು ಹೆಜ್ಜೆ ಮುಂದೆ ಒಂದು ಗುಡ್ಡೆ ಇತ್ತು. ಕಂಬಳಿಗಳ ಗುಡ್ಡೆ. ಗೆದ್ದಲು ಹಿಡಿದು ಅರ್ಧ ಮಣ್ಣಾಗಿದ್ದವು. ಮೇಲೆ ಒಡೆದ ಮಡಕೆ. ಅದರ ಪಕ್ಕ ಇನ್ನೊಂದು ಗುಡ್ಡೆ, ಇನ್ನೂ ಹಳೆಯದು. ಮತ್ತೊಂದು. ಎಣಿಸಿದಳು. ಆರು. ಯಾರೂ ಹತ್ತು ಹನ್ನೆರಡು ಹೆಜ್ಜೆಗಿಂತ ಹೆಚ್ಚು ಹೊತ್ತಿರಲಿಲ್ಲ. ಯಾವ ಗುಡ್ಡೆಯಲ್ಲೂ ಮೂಳೆ ಇರಲಿಲ್ಲ. ಗುಡ್ಡೆಗಳಿಂದಾಚೆಗೆ ಒಂದು ಕಾಲುದಾರಿ ಮರಗಳ ನಡುವೆ ಇಳಿದುಹೋಗಿತ್ತು. ಹುಲ್ಲು ಬೆಳೆಯದ ದಾರಿ. ಈಗಲೂ ಯಾರೋ ಓಡಾಡುತ್ತಿರುವ ದಾರಿ.

ಅವಳು ಮೊದಲು ಕಂಡ ಗುಡ್ಡೆಯನ್ನು, ಅಕ್ಕನದನ್ನು, ಕಾಲಲ್ಲಿ ಒದ್ದಳು.

"ಇಪ್ಪತ್ತೊಂದು ವರ್ಷ ನಿನಗಾಗಿ ಅತ್ತಿದ್ದೀನಿ," ಎಂದಳು. "ಒಂದು ಮಾತು ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತೇ ಅಕ್ಕಾ."

ಹೇಳಿದ ಮೇಲೆ ನೆನಪಾಯಿತು. ಅಕ್ಕ ಹೇಳಿದ್ದಳು. ಇಲ್ಲೇ ನಿಂತು ಕೂಗಿದ್ದಳು. ತಮಟೆ ಬಡಿಯುತ್ತಿತ್ತು.

ಅವಳು ತಡಿಕೆಯ ಕಡೆ ತಿರುಗಿದಳು. ಬೆಳಗಿನಿಂದ ಬೈದು ಬೈದು ಗಂಟಲು ಕಟ್ಟಿತ್ತು. ಇದ್ದಷ್ಟರಲ್ಲಿ ಕೂಗಿದಳು.

"ಬೆಂಕಿ ಆರಿಸ್ರೋ. ಇಲ್ಲಿ ಬಿಸಿಲಿದೆ."

ತಪ್, ತಪ್ ಎನ್ನುವುದು ನಿಂತಿತು.

"ಚಳಿ ಎಲ್ಲೂ ಇಲ್ಲ ಕಣ್ರೋ. ಹೊಗೆ ಹಾಕ್ಕೊಂಡು ಕೂತಿದ್ದೀರ ನೀವು. ಹೋದವರು ಯಾರೂ ಸತ್ತಿಲ್ಲ. ಕಂಬಳಿ ಬಿಸಾಕಿ ಹೋಗಿದ್ದಾರೆ."

ಒಳಗೆ ಗುಸುಗುಸು ಎದ್ದಿತು. ಅದನ್ನು ಸೀಳಿಕೊಂಡು ಯಜಮಾನನ ದನಿ ಬಂತು.

"ಅದು ಅವಳ ದನಿಯಲ್ಲ. ಚಳಿಯವ್ವನ ದನಿ. ಯಾರೂ ಕಿವಿಗೊಡಬೇಡಿ. ಸೊಪ್ಪು ಹಾಕಿ. ಹಸಿ ಸೊಪ್ಪು ಹಾಕಿ."

ತಡಿಕೆಯ ಮೇಲೆ ಹೊಗೆ ದಪ್ಪಗೆ ಎದ್ದಿತು. ಅವಳು ನೋಡುತ್ತ ನಿಂತಳು. ಈ ಕಡೆಯಿಂದ ನೋಡಿದರೆ ಅದು ದೊಡ್ಡದೇನೂ ಅಲ್ಲ. ಯಾರದೋ ಮನೆಯಲ್ಲಿ ಪಲ್ಯ ಸೀದುಹೋದಂತೆ ಕಾಣುತ್ತಿತ್ತು. ಇನ್ನು ಕೂಗಿ ಉಪಯೋಗವಿಲ್ಲ ಎಂದುಕೊಂಡು ಕಾಲುದಾರಿಯ ಕಡೆ ಹೆಜ್ಜೆಯಿಟ್ಟಳು.

ಆಗ ತಡಿಕೆಯ ಬುಡದಲ್ಲಿ ಯಾರೋ ಕೆಮ್ಮಿದರು. ನೆನಪಿನವನ ಕೆಮ್ಮು. ತೆವಳಿಕೊಂಡು ಬಂದಿದ್ದನೋ ಏನೋ, ಏದುಸಿರು ಬಿಡುತ್ತಿದ್ದ. ಹೆಣಿಗೆಯ ಸಂದಿಗೆ ಬಾಯಿಟ್ಟು ಮೆಲ್ಲಗೆ ಕೇಳಿದ.

"ಏನವ್ವಾ, ಅಲ್ಲಿ ತಿನ್ನೋಕೆ ಏನಿದೆ?"

ಅವಳಿಗೆ ಬೈಯಬೇಕೆನ್ನಿಸಿತು. ಅಕ್ಕನನ್ನು ಹೊರಗೆ ಕಳಿಸಿದ ಒಂಬತ್ತು ಹೋಳಿಗೆ, ತನ್ನನ್ನು ಕಳಿಸಿದ ಹದಿನಾಲ್ಕು ಕಡುಬು. ಬಾಯಿ ತೆರೆದವಳು ಹಾಗೇ ತಲೆಯೆತ್ತಿದಳು. ಮೇಲೆ ಮಾವಿನ ಕೊಂಬೆ ಬಾಗಿತ್ತು. ಹೂವು ಉದುರಿ ಮಿಡಿ ಕಟ್ಟಿತ್ತು. ಒಂದು ಕಿತ್ತು ಕಚ್ಚಿದಳು. ಹುಳಿಗೆ ಮುಖ ಸೊಟ್ಟಗಾಯಿತು. ಇಡೀ ದಿನ ಅವಳೇನೂ ತಿಂದಿರಲಿಲ್ಲ.

"ಮಾವಿನ ಮಿಡಿ," ಎಂದಳು. ತಡಿಕೆಯಾಚೆ ಎಲ್ಲರಿಗೂ ಕೇಳುವಷ್ಟು ಜೋರಾಗಿ ಎಂದಳು. "ಬೇಕಾದಷ್ಟಿದೆ. ಬರೋದಾದ್ರೆ ಉಪ್ಪು ತಗೊಂಡು ಬಾ."

ಯಜಮಾನ ಸೊಪ್ಪು, ಸೊಪ್ಪು ಎಂದು ಕೂಗುತ್ತಲೇ ಇದ್ದ. ಅವನ ಕೂಗಿನ ಕೆಳಗೆ ಬೇರೊಂದು ಸದ್ದು ಕೇಳಿಸಿತು. ಊರೊಳಗೆ ಒಂದೊಂದು ಅಡುಗೆಮನೆಯಲ್ಲಿ, ಯಾರಿಗೂ ಗೊತ್ತಾಗದ ಹಾಗೆ, ಉಪ್ಪಿನ ಮಡಕೆಯ ಮುಚ್ಚಳ ತೆಗೆಯುತ್ತಿದ್ದರು.